ಹಾಲಿಲ್ಲದ ಊಟ: ಪೇಟೆಯ ಹೋಟೆಲಿನಲ್ಲಿ, ನಮ್ಮ ಮನೆಯ ಒಲೆಯಲ್ಲಿ

ಕಳೆದ ಸಂಚಿಕೆಯಲ್ಲಿ ಕಾಳುಮೆಣಸಿನ ಸೊರಗು ರೋಗ ಮತ್ತು ಬೋರ್ಡೋ ದ್ರಾವಣದ ಕುರಿತು ಬರೆದಿದ್ದೆವು. ಈ ಸಲ ತೋಟದಿಂದ ಅಡುಗೆಕೋಣೆಗೆ ಬರೋಣ. ಅದಕ್ಕೆ ಕಾರಣವಿದೆ. ಈಚೆಗೆ ಮನೆಭೇಟಿಗೆ ಹೋದಲ್ಲೆಲ್ಲ ಒಂದೇ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ನಮಗೆ ಎದುರಾಗುತ್ತಿದೆ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗ ರಜೆಯಲ್ಲಿ ಊರಿಗೆ ಬಂದಿದ್ದಾನೆ. ಮೀನು, ಮಾಂಸ ಮುಟ್ಟುವುದಿಲ್ಲ. ಅಷ್ಟಾದರೆ ಹೇಗೋ ಸುಧಾರಿಸಬಹುದು, ಚಹಾಕ್ಕೆ ಹಾಲು ಬೇಡ, ದೋಸೆಗೆ ತುಪ್ಪವೂ ಬೇಡ ಎನ್ನುತ್ತಾನೆ. "ಏನು ಬಡಿಸಲಿ ಫಾದರ್, ಬರೀ ಗಂಜಿಯೇ?" ಎಂದು ತಾಯಿಯೊಬ್ಬರು ನಮ್ಮನ್ನು ಕೇಳಿದರು. ಅವರ ಹಟ್ಟಿಯಲ್ಲಿ ಎರಡು ಕರೆಯುವ ದನಗಳಿವೆ. ಬೆಳಗ್ಗೆ ಐದಕ್ಕೆ ಎದ್ದು ಸೊಸೈಟಿಗೆ ಹಾಲು ಕೊಟ್ಟು ಬರುವ ಹೆಂಗಸು. ಮಗನ ಮಾತು ಅವರಿಗೆ ತಮ್ಮ ದುಡಿಮೆಯನ್ನೇ ಹಳಿದಂತೆ ಕೇಳಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಇನ್ನೊಂದು ಮನೆಯಲ್ಲಿ, ಹಾಲು–ಮಾಂಸ ಬಿಟ್ಟರೆ ಸಿಹಿಮೂತ್ರ ಪೂರ್ತಿ ವಾಸಿಯಾಗುತ್ತದೆಂದು ಮೊಬೈಲಿನಲ್ಲಿ ಕೇಳಿ, ಡಾಕ್ಟರು ಕೊಟ್ಟ ಮಾತ್ರೆಯನ್ನೇ ನಿಲ್ಲಿಸುವ ಯೋಚನೆಯಲ್ಲಿದ್ದ ಹಿರಿಯರೊಬ್ಬರನ್ನು ಕಂಡೆವು. ಆದುದರಿಂದ ಈ ವಿಷಯವನ್ನು ಸ್ವಲ್ಪ ಬಿಡಿಸಿ ನೋಡುವುದು ಅಗತ್ಯವೆನಿಸಿತು.

ಈ ಆಹಾರ ಪದ್ಧತಿಗೆ 'ವೀಗನ್' ಎಂಬ ಹೆಸರು. 1944ರ ನವೆಂಬರಿನಲ್ಲಿ ಇಂಗ್ಲೆಂಡಿನ ಡೊನಾಲ್ಡ್ ವಾಟ್ಸನ್ ಎಂಬವರು ಕೆಲವು ಸಂಗಡಿಗರೊಂದಿಗೆ ಸೇರಿ ಒಂದು ಸಂಘ ಕಟ್ಟಿದರು. 'ವೆಜಿಟೇರಿಯನ್' ಪದದ ತಲೆಯನ್ನೂ ಬಾಲವನ್ನೂ ಜೋಡಿಸಿದಾಗ ಈ ಹೊಸ ಪದ ಹುಟ್ಟಿತು. ನಮ್ಮ ದೇಶದಲ್ಲಿ ಸಸ್ಯಾಹಾರವೆಂದರೆ ಹಾಲು, ಮೊಸರು, ಬೆಣ್ಣೆ, ತುಪ್ಪ ಎಲ್ಲವೂ ಸೇರಿದ ಊಟ. ವೀಗನ್ ಊಟದಲ್ಲಿ ಇವು ಯಾವುವೂ ಇಲ್ಲ. ಮೊಟ್ಟೆಯಿಲ್ಲ, ಜೇನೂ ಇಲ್ಲ. ಕೆಲವರು ಪ್ರಾಣಿಗಳ ಮೇಲಿನ ಮರುಕದಿಂದ, ಕೆಲವರು ಪರಿಸರದ ಕಾಳಜಿಯಿಂದ, ಕೆಲವರು ದೇಹಸ್ಥಿತಿ ನೋಡಿಕೊಂಡು ಈ ದಾರಿಗೆ ಬಂದಿದ್ದಾರೆ. ಗೆಳೆಯರು ಬಿಟ್ಟರೆಂದು ತಾವೂ ಬಿಟ್ಟವರಿಲ್ಲದಿಲ್ಲ.

ಹೆಸರು ಹೊಸದು, ಆದರೆ ಊಟ ಅಷ್ಟು ಹೊಸದಲ್ಲ. ಮಧ್ಯಯುಗದಲ್ಲಿ ನಮ್ಮ ಧರ್ಮಸಭೆಯ ತಪಸ್ಸುಕಾಲದ ಉಪವಾಸದಲ್ಲಿ ಮಾಂಸದೊಂದಿಗೆ ಮೊಟ್ಟೆ, ಹಾಲು, ಗಿಣ್ಣು ಸಹ ನಿಷಿದ್ಧವಾಗಿದ್ದವು; 13ನೆಯ ಶತಮಾನದಲ್ಲಿ ಸಂತ ಥಾಮಸ್ ಅಕ್ವಿನಾಸರು ಇದರ ಕಾರಣಗಳನ್ನು ಚರ್ಚಿಸಿದ್ದಾರೆ. ಮೀನಿಗೆ ಮಾತ್ರ ಅಡ್ಡಿಯಿರಲಿಲ್ಲ. ಕಾಲಕ್ರಮೇಣ ನಿಯಮ ಸಡಿಲವಾಗುತ್ತ ಬಂದು, 1917ರ ಧರ್ಮಸಭೆಯ ಕಾನೂನು ಸಂಹಿತೆ ಮೊಟ್ಟೆ ಮತ್ತು ಹಾಲಿನ ಪದಾರ್ಥಗಳಿಗೆ ತಡೆಯಿಲ್ಲವೆಂದು ಸ್ಪಷ್ಟಪಡಿಸಿತು. ನಮ್ಮ ಜಿಲ್ಲೆಯ ಮೂಡಣ ಗುಡ್ಡಗಳಲ್ಲಿ, ರಾಜಪುರಂ, ಮಾಲೋಂ ಕಡೆಗಳಲ್ಲಿ ನೆಲೆಸಿದ ಸೀರೋ-ಮಲಬಾರ್ ಕುಟುಂಬಗಳ ಹಿರಿಯರನ್ನು ಕೇಳಿರಿ: ಐವತ್ತು ದಿನಗಳ ನೋಂಬಿನಲ್ಲಿ ಮೀನು–ಮಾಂಸದ ಜತೆಗೆ ಮೊಟ್ಟೆ, ಹಾಲು ಕೂಡ ಬಿಡುವುದು ಅವರ ಹಳೆಯ ಕ್ರಮ. ನೆರೆಯ ಉಡುಪಿಯ ಮಾಧ್ವ ಸಂಪ್ರದಾಯದ ಮನೆಗಳಲ್ಲಿ ಚಾತುರ್ಮಾಸ್ಯದ ನಾಲ್ಕು ತಿಂಗಳಿಗೆ ನಾಲ್ಕು ವ್ರತಗಳು: ಮೊದಲ ತಿಂಗಳು ತರಕಾರಿ ವರ್ಜ್ಯ, ಎರಡನೆಯದರಲ್ಲಿ ಮೊಸರು, ಮೂರನೆಯದರಲ್ಲಿ ಹಾಲು, ನಾಲ್ಕನೆಯದರಲ್ಲಿ ಬೇಳೆಕಾಳು. ಬಿಡುವುದರಲ್ಲೂ ಒಂದು ಲೆಕ್ಕ ಇಟ್ಟವರು ಅವರು.

ಆದರೆ ಅಷ್ಟು ದೂರ ಹೋಗುವುದೇಕೆ? ಸೆಪ್ಟೆಂಬರ್ 8ರ ಮೊಂತಿ ಹಬ್ಬದ ಊಟವನ್ನು ನೆನಪಿಸಿಕೊಳ್ಳಿರಿ. ವರ್ಷವಿಡೀ ಮೀನಿಲ್ಲದೆ ತುತ್ತು ಇಳಿಯದ, ಹಂದಿ ಮಾಂಸವಿಲ್ಲದೆ ಮದುವೆ ಮದುವೆಯೆನಿಸದ ನಮ್ಮ ಜನ ಆ ಒಂದು ದಿನ ಬಾಳೆಎಲೆಯ ಮುಂದೆ ಕುಳಿತು ಶುದ್ಧ ತರಕಾರಿ ಊಟ ಮಾಡುತ್ತಾರೆ. ಐದೋ ಏಳೋ ಒಂಬತ್ತೋ, ಪದಾರ್ಥಗಳ ಸಂಖ್ಯೆ ಬೆಸವಾಗಿರಬೇಕು. ಕೆಸುವಿನ ಎಲೆಯನ್ನು ಗಂಟು ಹಾಕಿ ಅಂಬಟೆಕಾಯಿಯ ಹುಳಿಯಲ್ಲಿ ಬೇಯಿಸಿದ್ದು, ಹರಿವೆ ದಂಟು, ಬೆಂಡೆ, ಹೀರೆ, ಸೌತೆ, ಕಡಲೆ, ಅಲಸಂಡೆ. ಆಶೀರ್ವದಿಸಿದ ಹೊಸ ತೆನೆಯ ಅಕ್ಕಿಕಾಳುಗಳನ್ನು ಪಾಯಸಕ್ಕೋ ಕಾಯಿಹಾಲಿಗೋ ಬೆರೆಸಿ ಮನೆಯ ಹಿರಿಯರು ಎಲ್ಲರಿಗೂ ಹಂಚುತ್ತಾರೆ. ಹೆಸರುಬೇಳೆ ಅಥವಾ ಕಡಲೆಬೇಳೆಯ 'ವೊರ್ನ್' ಪಾಯಸವೂ ಬೆಲ್ಲ ಮತ್ತು ಕಾಯಿಹಾಲಿನದೇ. ತುಪ್ಪದಲ್ಲಿ ಹುರಿದ ಗೇರುಬೀಜವನ್ನು ಮೇಲೆ ಹಾಕದಿದ್ದರೆ ಆ ಎಲೆಯಲ್ಲಿ ಹಸುವಿನ ಹಾಲಿನ ತೊಟ್ಟೂ ಇಲ್ಲ. ಆ ತಾಯಿಗೆ ನಾವು ಹೇಳಿದ್ದೂ ಇಷ್ಟೇ: "ಗಂಜಿ ಬೇಡಮ್ಮ, ಮೊಂತಿ ಹಬ್ಬಕ್ಕೆ ಮಾಡಿದ್ದನ್ನೇ ಮಾಡಿ."

ನಮ್ಮ ಒಲೆಯ ಮೇಲೆ

ಘಟ್ಟದ ಮೇಲಿನ ಅಡುಗೆಯಲ್ಲಿ ಹಾಲು–ಮೊಸರು ಮಾಡುವ ಕೆಲಸವನ್ನು ನಮ್ಮಲ್ಲಿ ತೆಂಗಿನಕಾಯಿ ಮಾಡುತ್ತದೆ. ಹಿಂದಿನಿಂದಲೂ ನಮ್ಮ ಊರ ದನಗಳು ಕೊಡುತ್ತಿದ್ದ ಹಾಲು ಕಡಿಮೆ. ಕಾಸರಗೋಡು ಗಿಡ್ಡ ತಳಿಯ ದನ ಕರುವಿಗೆ ಬಿಟ್ಟು ಕೊಡುವುದು ಕುಡ್ತೆ ಲೆಕ್ಕದ ಹಾಲು. ಇದ್ದ ಹಾಲು ಮಗುವಿಗೆ ಮತ್ತು ಚಹಾಕ್ಕೆ, ಅಡುಗೆಗೆ ತೆಂಗು. ಹೀಗಾಗಿ ನಮ್ಮ ದಿನನಿತ್ಯದ ತಿಂಡಿಗಳಲ್ಲಿ ಬಹುಪಾಲು, ಯಾರೂ ಹೆಸರಿಡದೆಯೇ, ಹಾಲಿಲ್ಲದ ತಿಂಡಿಗಳು. ನೀರುದೋಸೆಗೆ ಅಕ್ಕಿ, ಕಾಯಿತುರಿ, ಉಪ್ಪು ಬಿಟ್ಟು ಬೇರೇನು ಬೇಕು? ಪುಂಡಿ, ಹಲಸಿನೆಲೆಯ ಕೊಟ್ಟೆಯಲ್ಲಿ ಬೇಯಿಸಿದ ಕಡುಬು, ಮೂಡೆ, ಕಾಯಿಹಾಲಿನೊಂದಿಗೆ ಒತ್ತುಶ್ಯಾವಿಗೆ, ಅಕ್ಕಿರೊಟ್ಟಿ, ಪತ್ರೊಡೆ, ಅರಶಿನ ಎಲೆಯ ಪಾತೊಳಿ, ಹಲಸಿನ ಹಣ್ಣಿನ ಗಟ್ಟಿ, ಹುರುಳಿ ಸಾರು, ಬಸಳೆ ಪದಾರ್ಥ. ಹಾಲುಬಾಯಿಯ ಹೆಸರಿನಲ್ಲಿ ಹಾಲಿದೆ, ಅದು ಕಾಯಿಹಾಲು. ಮದುವೆಯ ಹಿಂದಿನ ದಿನ ಮದುಮಕ್ಕಳಿಗೆ ಎರೆಯುವ ರೋಸ್ ಕೂಡ ಕಾಯಿಹಾಲೇ.

ಮಳೆಗಾಲದ ಅಡುಗೆಯಂತೂ ದುಡ್ಡು ಕೊಡದೆ ದೊರೆಯುವ ಅಡುಗೆ. ಕೆಸು, ಕಣಿಲೆ, ತಜಂಕಿನ ಸೊಪ್ಪು, ಬೇಲಿ ಬದಿಯ ತಿಮರೆ. ತಿಳಿದವರು ಮಾಡಬೇಕಾದ ಅಡುಗೆ ಇದು ಎಂಬುದನ್ನು ಹೊಸಬರಿಗೆ ನೆನಪಿಸಬೇಕು. ಕಣಿಲೆಯನ್ನು ಸಣ್ಣಗೆ ಹೆಚ್ಚಿ, ದಿನವೂ ನೀರು ಬದಲಿಸುತ್ತ ಎರಡು–ಮೂರು ದಿನ ನೆನೆಸದೆ ಬೇಯಿಸಬಾರದು. ಹಸಿ ಕಣಿಲೆಯಲ್ಲಿ ವಿಷಾಂಶವಿದೆ. ಮರಗೆಣಸನ್ನು ಪಾತ್ರೆಯ ಮುಚ್ಚಳ ತೆರೆದು ಬೇಯಿಸಿ ನೀರು ಬಸಿಯಬೇಕೆಂದು ಅಜ್ಜಿಯಂದಿರು ಹೇಳುತ್ತಿದ್ದುದೂ ಇದೇ ಕಾರಣಕ್ಕೆ. ಕೆಸುವಿಗೆ ಹುಣಸೆಹುಳಿ ಕಡಿಮೆಯಾದರೆ ಗಂಟಲು ತುರಿಸುವುದು ಎಲ್ಲರಿಗೂ ಗೊತ್ತಿದ್ದದ್ದೇ.

ಇನ್ನು ಹಲಸು. ಇದರ ಮಾತು ಬಂದಾಗ ನಮಗೆ ಸ್ವಲ್ಪ ಬೇಸರವೂ ಆಗುತ್ತದೆ. ಮೇ, ಜೂನ್ ತಿಂಗಳಲ್ಲಿ ನಮ್ಮ ಧರ್ಮಕೇಂದ್ರದ ಯಾವ ದಾರಿಯಲ್ಲಿ ನಡೆದರೂ ಮರದ ಬುಡದಲ್ಲಿ ಬಿದ್ದು ಕೊಳೆತ ಹಣ್ಣಿನ ವಾಸನೆ. ಕೊಯ್ಯಲು ಜನವಿಲ್ಲ, ಸೊಳೆ ಬಿಡಿಸಲು ಪುರುಸೊತ್ತಿಲ್ಲ, ಕೈಗೆ ಮೇಣ ಅಂಟುತ್ತದೆ. ಅದೇ ಸಮಯಕ್ಕೆ ಅಮೆರಿಕ, ಯುರೋಪಿನ ಅಂಗಡಿಗಳಲ್ಲಿ ಎಳೆ ಹಲಸಿನ ತುಂಡುಗಳನ್ನು ಡಬ್ಬದಲ್ಲಿ ತುಂಬಿಸಿ ಮಾಂಸದ ಬದಲಿಗೆಂದು ಮಾರುತ್ತಾರೆ. ನಮ್ಮ ಜಿಲ್ಲೆಯ ವಾಣೀನಗರದವರಾದ ಪತ್ರಕರ್ತ ಶ್ರೀಪಡ್ರೆಯವರು 1988ರಲ್ಲಿ ಆರಂಭವಾದ 'ಅಡಿಕೆ ಪತ್ರಿಕೆ'ಯ ಮೂಲಕ ಹಲಸಿನ ಬಗ್ಗೆ ವರ್ಷಗಟ್ಟಲೆ ಬರೆಯುತ್ತ ಬಂದಿದ್ದಾರೆ. ಕೇರಳ ಸರಕಾರ 2018ರ ಮಾರ್ಚ್ 21ರಂದು ಹಲಸನ್ನು ರಾಜ್ಯದ ಅಧಿಕೃತ ಹಣ್ಣೆಂದು ಘೋಷಿಸಿತು. ಘೋಷಣೆಯಾದ ಮೇಲೂ ಮರದ ಬುಡದ ವಾಸನೆ ಕಡಿಮೆಯಾದಂತೆ ಕಾಣಲಿಲ್ಲ.

ಗುಜ್ಜೆಯನ್ನು ಕೊತ್ತಂಬರಿ, ಒಣಮೆಣಸು, ಕಾಯಿತುರಿ ಹುರಿದು ಸುಕ್ಕ ಮಾಡಿದರೆ ಕೋಳಿ ಸುಕ್ಕಕ್ಕೆ ಏನೇನೂ ಕಡಿಮೆಯಿಲ್ಲ. ಬಲಿತ ಕಾಯಿಯ ಸೊಳೆಯನ್ನು ಉಪ್ಪಿನಲ್ಲಿ ಹಾಕಿಟ್ಟರೆ ಆಟಿ ತಿಂಗಳ ತರಕಾರಿಯಾಯಿತು. ಬೇಳೆಯನ್ನು ಮಣ್ಣು ಮೆತ್ತಿ ಇಟ್ಟರೆ ತಿಂಗಳುಗಟ್ಟಲೆ ಇರುತ್ತದೆ. ಹುರಿದು ತಿನ್ನಬಹುದು, ಸೌತೆಕಾಯಿಯೊಂದಿಗೆ ಸಾಂಬಾರಿಗೆ ಹಾಕಬಹುದು. ಹಪ್ಪಳವನ್ನಂತೂ ಹೇಳುವುದೇ ಬೇಡ. ಉಪ್ಪುಸೊಳೆ ಹಾಕುವ ಕ್ರಮವನ್ನು ಹಲವು ಯುವ ಗೃಹಿಣಿಯರು ಕೇಳಿದ್ದಾರೆ. ಲೇಖನದ ಕೊನೆಯಲ್ಲಿ ಕೊಟ್ಟಿದ್ದೇವೆ.

ಪೇಟೆಯಲ್ಲಿ, ದಾರಿಯಲ್ಲಿ

ಸಭೆಯೊಂದಕ್ಕೆಂದು ಬೆಂಗಳೂರಿಗೆ ಹೋಗಿದ್ದಾಗ ನಮ್ಮ ಧರ್ಮಕೇಂದ್ರದ ಯುವಕನೊಬ್ಬ ಅಂಥದೊಂದು ಹೋಟೆಲಿಗೆ ನಮ್ಮನ್ನು ಕರೆದೊಯ್ದ. ಆ ನಗರದ ಕೋರಮಂಗಲದಲ್ಲಿ 2010ರ ದಶಕದಲ್ಲಿ 'ಕ್ಯಾರಟ್ಸ್' ಎಂಬ ವೀಗನ್ ಹೋಟೆಲು ತೆರೆದುಕೊಂಡಿತ್ತು. ಆಮೇಲೆ ಇನ್ನೂ ಕೆಲವು ಬಂದವು. ನಾವು ಹೋದಲ್ಲಿ ಹಲಸಿನ ಬಿರಿಯಾನಿ, ಗೇರುಬೀಜದಿಂದ ಮಾಡಿದ ಚೀಸ್, ಸೋಯಾ ಹಾಲಿನ ಕಾಫಿ, ತೆಂಗಿನ ಹಾಲಿನ ಐಸ್‌ಕ್ರೀಂ ಇದ್ದವು. ಬಿರಿಯಾನಿ ಚೆನ್ನಾಗಿತ್ತು. ಬಾಯಿಗಿಟ್ಟ ಕೂಡಲೇ ಗುಜ್ಜೆಯ ಗುರುತು ಸಿಕ್ಕಿತು, ಹುಡುಗನಿಗೆ ಸಿಕ್ಕಿರಲಿಲ್ಲ! ಐಸ್‌ಕ್ರೀಂ ತಿಂದಾಗ ಮನೆಯ ಹಾಲುಬಾಯಿಯ ನೆನಪಾಯಿತು. ಚೀಸ್ ರುಚಿಯಾಗಿತ್ತು, ಆದರೆ ಅದನ್ನು ಗೇರುಬೀಜದ ಚಟ್ನಿಯೆಂದು ಕರೆದಿದ್ದರೆ ಯಾರೂ ಮೋಸಹೋಗುತ್ತಿರಲಿಲ್ಲ. ಕಾಫಿ ನಮಗೆ ಹಿಡಿಸಲಿಲ್ಲ. ಬಿಲ್ಲನ್ನು ಆ ಹುಡುಗನೇ ಕೊಟ್ಟ. ನೋಡಲು ಬಿಡಲಿಲ್ಲವಾದ್ದರಿಂದ ಮೊತ್ತ ಸಣ್ಣದಿರಲಿಕ್ಕಿಲ್ಲವೆಂದು ಊಹಿಸಿದೆವು.

ಹೀಗೆಂದು ದೊಡ್ಡ ಹೋಟೆಲಿಗೇ ಹೋಗಬೇಕೆಂದಿಲ್ಲ. ನಮ್ಮ ಉಡುಪಿಯವರು ಊರೂರಲ್ಲಿ ತೆರೆದ ಹೋಟೆಲುಗಳಲ್ಲಿ ಹಾಲಿಲ್ಲದ ತಿಂಡಿ ಎಷ್ಟೂ ದೊರೆಯುತ್ತದೆ, ಕೇಳಿ ತಿಳಿದುಕೊಂಡರೆ. ಇಡ್ಲಿ, ಸಾಂಬಾರು, ಉದ್ದಿನ ವಡೆ ಸಾಮಾನ್ಯವಾಗಿ ಹಾಲಿಲ್ಲದವು. ಆದರೆ ರವೆ ಇಡ್ಲಿ ಹಾಗಲ್ಲ. 1924ರಲ್ಲಿ ಆರಂಭವಾದ ಬೆಂಗಳೂರಿನ ಎಂ.ಟಿ.ಆರ್. ಹೋಟೆಲಿನವರು ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿಯ ಅಭಾವವಾದಾಗ ಇದನ್ನು ಕಂಡುಹಿಡಿದರೆಂದು ಹೇಳುತ್ತಾರೆ; ಅದರ ಹಿಟ್ಟಿಗೆ ಮೊಸರು ಬೀಳುತ್ತದೆ. ಗೋಳಿಬಜೆಗೆ, ಮಂಗಳೂರು ಬನ್ಸಿಗೆ ಮೊಸರು. ಮಸಾಲೆ ದೋಸೆಗೆ ಕಾವಲಿಯ ಮೇಲೆಯೇ ಬೆಣ್ಣೆಯೋ ತುಪ್ಪವೋ ಸವರುತ್ತಾರೆ. "ಎಣ್ಣೆಯಲ್ಲಿ ಹಾಕಿ" ಎಂದು ಮೊದಲೇ ಹೇಳಬೇಕು. ಪೊಂಗಲ್, ಕೇಸರಿಬಾತು, ಮೈಸೂರುಪಾಕು ತುಪ್ಪದ ತಿಂಡಿಗಳು.

ದಾರಿಪ್ರಯಾಣದಲ್ಲಿ ಇದು ಇನ್ನೂ ಸುಲಭ. ಚೆರ್ಕಳದಿಂದ ಜಾಲ್ಸೂರು, ಸುಳ್ಯ, ಸಂಪಾಜೆ ಹತ್ತಿ ಮೈಸೂರಿಗೆ ಹೋಗುವವರು ಕೊಡಗಿನಲ್ಲಿ ಕಡುಂಬುಟ್ಟು, ನೂಲ್‌ಪುಟ್ಟು ಕೇಳಬಹುದು, ಎರಡೂ ಅಕ್ಕಿಯವು. ಕಣಿಲೆಯ ಕಾಲವಾದರೆ ಅಲ್ಲಿಯ ಬೈಂಬಳೆ ಕರಿ ಬಿಡಬಾರದು. ಘಟ್ಟ ಹತ್ತಿ ಮೈಸೂರು, ಮಂಡ್ಯ ಸೇರಿದ ಮೇಲೆ ರಾಗಿಮುದ್ದೆ, ಹುರುಳಿಸಾರು, ಸೊಪ್ಪಿನ ಬಸ್ಸಾರು. ಗದ್ದೆ ಕೆಲಸದವರ ಆ ಊಟಕ್ಕೆ ಹಾಲಿನ ಹಂಗಿಲ್ಲ. ತೆಂಕಣಕ್ಕೆ ಪಯ್ಯನ್ನೂರು, ಕಣ್ಣೂರಿನ ದಾರಿಯಲ್ಲಿ ಬೆಳಗ್ಗೆ ಪುಟ್ಟು–ಕಡಲೆ ಎಲ್ಲೆಡೆ ಇದೆ, ಜತೆಗೆ ಕಟ್ಟಂ ಚಾಯ ಎಂದರೆ ಸಾಕು. ಪರೋಟದ ಹಿಟ್ಟಿಗೆ ಕೆಲವು ಕಡೆ ಮೊಟ್ಟೆ, ಹಾಲು ಸೇರಿಸುತ್ತಾರೆ, ವಿಚಾರಿಸಿರಿ. ಬಸ್ಸು ಮಾಡಿಕೊಂಡು ವೇಳಾಂಗಣಿಗೆ ಹೋಗುವ ನಮ್ಮ ಕುಟುಂಬಗಳು ಅಕ್ಕಿರೊಟ್ಟಿ, ಕಾಯಿಚಟ್ನಿಪುಡಿ, ನೇಂದ್ರ ಬಾಳೆಹಣ್ಣು ಕಟ್ಟಿಕೊಂಡು ಹೋದರೆ ಮೊದಲ ದಿನದ ಊಟವಾಯಿತು. ಹಸಿ ಕಾಯಿಯ ಚಟ್ನಿ ಮಾತ್ರ ಬಸ್ಸಿನ ಸೆಕೆಗೆ ಮಧ್ಯಾಹ್ನದೊಳಗೆ ಹಳಸುತ್ತದೆ.

ಅಂಗಡಿಯ ಪೊಟ್ಟಣ ಕೊಳ್ಳುವವರಿಗೆ ಒಂದು ಸೂಚನೆ. ಹಸಿರು ಚುಕ್ಕೆ ಇದ್ದ ಮಾತ್ರಕ್ಕೆ ಹಾಲಿಲ್ಲವೆಂದು ಅರ್ಥವಲ್ಲ. ಅದು ಹಾಲು ಸೇರಿದ ಸಸ್ಯಾಹಾರಕ್ಕೂ ಸಲ್ಲುವ ಗುರುತು. ಕೇಂದ್ರ ಆಹಾರ ಸುರಕ್ಷತಾ ಪ್ರಾಧಿಕಾರ 2022ರಲ್ಲಿ ವೀಗನ್ ಆಹಾರಕ್ಕೇ ಬೇರೆ ನಿಯಮ ತಂದಿತು. ಅದರ ಗುರುತು ಚೌಕದೊಳಗೆ ಎಲೆಯಿರುವ ಹಸಿರು 'ವಿ' ಅಕ್ಷರ.

ಗೇರುಬೀಜದ ಇನ್ನೊಂದು ಕತೆ

ಹಾಲು, ಕೆನೆಯ ಬದಲಿಗೆ ಪೇಟೆಯ ಅಡುಗೆಯವರು ಅತಿ ಹೆಚ್ಚು ನೆಚ್ಚಿಕೊಂಡಿರುವುದು ಗೇರುಬೀಜವನ್ನು. ನೆನೆಸಿ ಅರೆದರೆ ಕೆನೆ, ಹುಳಿ ಬರಿಸಿದರೆ ಚೀಸ್. ಪ್ರಾಣಿಹಿಂಸೆಯಿಲ್ಲದ ಊಟವೆಂದು ಅದನ್ನು ಬಡಿಸುತ್ತಾರೆ. ಕಾಸರಗೋಡಿನವರಾದ ನಮಗೆ ಆ ಮಾತು ಅಷ್ಟು ಸಲೀಸಾಗಿ ಒಳಗಿಳಿಯುವುದಿಲ್ಲ. ಇಲ್ಲಿಯ ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರು ತೋಟಗಳ ಮೇಲೆ 1970ರ ದಶಕದ ಉತ್ತರಾರ್ಧದಿಂದ 2000ದ ವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದರು. ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆಯಂತಹ ಪಂಚಾಯತುಗಳಲ್ಲಿ ಗುಡ್ಡದ ಮೇಲಿನ ವಿಷ ಇಳಿದದ್ದು ಕೆಳಗಿನ ತೋಡು, ಸುರಂಗ, ಬಾವಿಗಳಿಗೆ. ಮೊದಲು ಸಂಶಯ ಹುಟ್ಟಿಸಿದವು ಅಂಗವಿಕಲವಾಗಿ ಹುಟ್ಟಿದ ಕರುಗಳು, ಆಮೇಲೆ ಮಕ್ಕಳು. 2011ರಲ್ಲಿ ಸುಪ್ರೀಂ ಕೋರ್ಟು ಆ ವಿಷವನ್ನು ದೇಶದಾದ್ಯಂತ ತಡೆಯಿತು. 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಕೇರಳ ಸರಕಾರಕ್ಕೆ ಆದೇಶಿಸಿತು. ಮಂಚದಲ್ಲೇ ಮಲಗಿ ಬೆಳೆದ ಆ ಮಕ್ಕಳ ಮನೆಗಳಿಗೆ ನಿಮ್ಮಲ್ಲಿ ಹಲವರು ಹೋಗಿದ್ದೀರಿ.

ಬಟ್ಟಲಲ್ಲಿ ಹಾಲಿಲ್ಲ, ಮಾಂಸವಿಲ್ಲವೆಂದ ಮಾತ್ರಕ್ಕೆ ಆ ಊಟ ಯಾರನ್ನೂ ನೋಯಿಸಿಲ್ಲವೆಂದು ಹೇಳಲಾಗದು. ಅದು ಯಾವ ತೋಟದಿಂದ, ಯಾವ ಸಿಂಪಡಣೆ ದಾಟಿ ಬಂತೆಂಬುದನ್ನೂ ಕೇಳಬೇಕು. ಬೆಂಗಳೂರಿನ ಆ ಹುಡುಗನಿಗೆ ಇದನ್ನು ಹೇಳಿದಾಗ ಅವನು ಬಹಳ ಹೊತ್ತು ಸುಮ್ಮನಿದ್ದ. ನಮ್ಮ ಮಕ್ಕಳಿಗೆ ಈ ಕತೆ ಗೊತ್ತಿಲ್ಲವಲ್ಲ ಎಂಬುದೇ ನಮಗೆ ಹೆಚ್ಚು ನೋವಾದದ್ದು.

ಹಾಗಾದರೆ ದನದ ಗತಿಯೇನು?

ಹಾಲು ಬಿಟ್ಟವರು ಕೇಳುವ ಒಂದು ಪ್ರಶ್ನೆಯನ್ನು ನಾವು ತಳ್ಳಿಹಾಕಲಾರೆವು. ಕರು ಹಾಕದೆ ದನ ಹಾಲು ಕೊಡುವುದಿಲ್ಲ. ಹುಟ್ಟಿದ್ದು ಗಂಡು ಕರುವಾದರೆ ಅದರ ಪಾಡೇನು? ಗದ್ದೆ ಉಳುವ ಕಾಲದಲ್ಲಿ ಗಂಡು ಕರುವಿಗೂ ಹಟ್ಟಿಯಲ್ಲಿ ಜಾಗವಿತ್ತು. ಟಿಲ್ಲರ್ ಬಂದ ಮೇಲೆ ಇಲ್ಲವಾಯಿತು. ದನ ಸಾಕುವ ಮನೆಯವರಿಗೆ ಇದರ ಉತ್ತರ ಗೊತ್ತಿದೆ, ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ಆದರೂ ದನ ಮಾರಿಬಿಡಿರೆಂದು ನಾವು ಹೇಳುವವರಲ್ಲ. ನಮ್ಮ ಮುರಕಲ್ಲು ಮಣ್ಣಿನಲ್ಲಿ ಹಟ್ಟಿಗೊಬ್ಬರವಿಲ್ಲದೆ ಅಡಿಕೆ, ತೆಂಗು, ಬಸಳೆ ಚಪ್ಪರ ಯಾವುದೂ ಏಳುವುದಿಲ್ಲ. ಪೇಟೆಯವರ ಹಾಲಿಲ್ಲದ ಊಟದ ಸೊಪ್ಪು ಕೂಡ ಬೆಳೆದದ್ದು ಬಹುಶಃ ಸೆಗಣಿಯ ಸಾರದಲ್ಲಿಯೇ. ಅಡಿಕೆ ಮಾರದ ತಿಂಗಳಲ್ಲಿ ಮನೆ ನಡೆಸುವುದು ಸೊಸೈಟಿಯ ಹಾಲಿನ ದುಡ್ಡು; ಅದು ಹೆಚ್ಚಾಗಿ ಹೆಂಗಸರ ಕೈಸೇರುವ ದುಡ್ಡು ಎಂಬುದನ್ನೂ ಮರೆಯಬಾರದು. ಮಗ ಹಾಲು ಬಿಡಲಿ, ತಾಯಿ ದನ ಕಟ್ಟಲಿ. ಇಬ್ಬರೂ ಒಂದೇ ಮೇಜಿನಲ್ಲಿ ಉಣ್ಣುವುದಕ್ಕೆ ಅಡ್ಡಿಯೇನಿಲ್ಲ. ಹಾಲಿನ ಪೇಟೆ ಮುಂದೆ ಹೇಗೆ ತಿರುಗಿದರೂ ತೆಂಗಿನ ಕಡೆಗೆ ಕಣ್ಣಿಡುವುದು ಒಳ್ಳೆಯದು. 1916ರಿಂದ ತೆಂಗಿನ ಸಂಶೋಧನೆ ನಡೆದಿರುವುದು ನಮ್ಮದೇ ಕಾಸರಗೋಡಿನಲ್ಲಿ. ಇಲ್ಲಿಯ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯವರು ಹುಳಿಯದ ನೀರಾವಾದ ಕಲ್ಪರಸ, ತೆಂಗಿನ ಸಕ್ಕರೆ, ತೆಂಗಿನ ಚಿಪ್ಸ್, ಶುದ್ಧ ಕೊಬ್ಬರಿ ಎಣ್ಣೆ ತಯಾರಿಸುವ ವಿಧಾನಗಳನ್ನು ರೂಪಿಸಿದ್ದಾರೆ. ಇವನ್ನು ಕೊಳ್ಳುವವರಲ್ಲಿ ಹಾಲು ಬಿಟ್ಟವರೂ ಇದ್ದಾರೆ. ಐದಾರು ಮನೆಯವರು ಸೇರಿದರೆ ತರಬೇತಿಗೆ ವಿಚಾರಿಸಬಹುದು.

ದೇಹಕ್ಕೆ ಬೇಕಾದ ಎಚ್ಚರಗಳು

ಪೂರ್ತಿ ಹಾಲು, ಮೊಟ್ಟೆ, ಮೀನು ಬಿಡುವವರು ತಿಳಿದಿರಲೇಬೇಕಾದ ಒಂದು ಸಂಗತಿ ಬಿ-12 ಜೀವಸತ್ವ. ಸೊಪ್ಪು, ಕಾಳು, ತೆಂಗು, ಯಾವುದರಲ್ಲೂ ಇದು ಬೇಕಾದಷ್ಟು ದೊರೆಯುವುದಿಲ್ಲ. ಯಕೃತ್ತಿನಲ್ಲಿ ಸಂಗ್ರಹವಿರುವುದರಿಂದ ಕೊರತೆ ಕೂಡಲೇ ಕಾಣದು. ಕೆಲವು ವರ್ಷಗಳ ಬಳಿಕ ಕೈಕಾಲು ಜೋಮು, ನಿಶ್ಶಕ್ತಿ, ರಕ್ತಹೀನತೆ, ಮರೆವು ಆರಂಭವಾಗುತ್ತದೆ. ತಡವಾದರೆ ನರಗಳಿಗಾದ ಹಾನಿ ಸರಿಯಾಗದಿರಲೂಬಹುದು. ಮಾತ್ರೆ ಅಗ್ಗ, ಡಾಕ್ಟರನ್ನು ಕೇಳಿ ತೆಗೆದುಕೊಂಡರೆ ಮುಗಿಯಿತು. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಮಾತ್ರೆ ನುಂಗುವವರು ವಿಶೇಷವಾಗಿ ಗಮನಿಸಬೇಕು: ಆ ಮಾತ್ರೆಯೇ ದೀರ್ಘಕಾಲದಲ್ಲಿ ದೇಹದ ಬಿ-12 ಅನ್ನು ತಗ್ಗಿಸಬಹುದು. ಅಂಥವರು ಹಾಲು, ಮೀನು ಕೂಡ ಬಿಟ್ಟರೆ ರಕ್ತ ಪರೀಕ್ಷೆ ಮಾಡಿಸದೆ ಕೂರಬಾರದು. ಕಾಲು ಜೋಮು ಹಿಡಿದರೆ 'ಸಕ್ಕರೆಯದ್ದೇ' ಎಂದು ಸುಮ್ಮನಾಗುವವರು ಬಹಳ.

ಎಳೆಯ ಮಕ್ಕಳ ವಿಷಯದಲ್ಲಿ ನಮ್ಮ ಮಾತು ಕಟ್ಟುನಿಟ್ಟು. ಕಾಯಿಹಾಲು ಹೆಸರಿಗೆ ಹಾಲು. ಹಸಿ ತೆಂಗಿನಕಾಯಿಯ 100 ಗ್ರಾಮಿನಲ್ಲಿ ಸುಮಾರು 40 ಗ್ರಾಂ ಕೊಬ್ಬು, ಪ್ರೋಟೀನು ಬರೀ 4–5 ಗ್ರಾಂ. ಮಗುವಿಗೆ ಹಸುವಿನ ಹಾಲಿನ ಬದಲಿಗೆ ಅದನ್ನು ಕುಡಿಸಿದರೆ ಬೆಳವಣಿಗೆ ಕುಂಠಿತವಾದೀತು. ಬಸುರಿ, ಬಾಣಂತಿಯರೂ ಡಾಕ್ಟರ ಸಲಹೆಯಿಲ್ಲದೆ ಇಂಥ ಪ್ರಯೋಗಕ್ಕೆ ಇಳಿಯಬಾರದು. ದೊಡ್ಡವರಿಗೆ ಪ್ರೋಟೀನಿಗಾಗಿ ಹುರುಳಿ, ಅಲಸಂಡೆ, ಹೆಸರು, ಕಡಲೆ ದಿನವೂ ಇರಲಿ. ಹುರುಳಿಯ 100 ಗ್ರಾಮಿನಲ್ಲಿ ಸುಮಾರು 22 ಗ್ರಾಂ ಪ್ರೋಟೀನಿದೆ. ಸುಣ್ಣದಂಶಕ್ಕೆ ರಾಗಿ, ಎಳ್ಳು, ನುಗ್ಗೆಸೊಪ್ಪು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದಂಶವಿದೆ. ಮೊಳಕೆ ಬರಿಸಿದರೆ ದೇಹಕ್ಕೆ ಹಿಡಿಯುವುದು ಹೆಚ್ಚು. ನಮ್ಮ ಊಟದಲ್ಲಿ ಅನ್ನದ ರಾಶಿ ದೊಡ್ಡದು, ಕಾಳಿನ ಪದಾರ್ಥ ಬಟ್ಟಲಿನ ಮೂಲೆಯಲ್ಲಿ. ಮೀನು ಬಿಟ್ಟವರು ಅದನ್ನು ಹಾಗೆಯೇ ಮುಂದುವರಿಸಿದರೆ ಹೊಟ್ಟೆ ತುಂಬುತ್ತದೆ, ಮೈಗೆ ಹತ್ತುವುದಿಲ್ಲ.

ಹಲಸು ಸಕ್ಕರೆ ಕಾಯಿಲೆಗೆ ಒಳ್ಳೆಯದೆಂಬ ಮಾತು ಈಚೆಗೆ ಬಹಳ ಕೇಳಿಬರುತ್ತಿದೆ. ಇದಕ್ಕೆ ಆಧಾರವಿಲ್ಲದಿಲ್ಲ. ಆಂಧ್ರದ ಶ್ರೀಕಾಕುಳಂನಲ್ಲಿ ನಡೆದು 2021ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 40 ಮಂದಿ ಮಧುಮೇಹಿಗಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿನವರು 12 ವಾರ ಪ್ರತಿದಿನ ಅಕ್ಕಿ–ಗೋದಿಯ ಒಂದು ಭಾಗದ ಬದಲಿಗೆ 30 ಗ್ರಾಂ ಹಸಿ ಹಲಸಿನಕಾಯಿಯ ಹಿಟ್ಟನ್ನು ತಿಂದರು. ಅವರ ಸಕ್ಕರೆಯ ಸರಾಸರಿ ಇನ್ನೊಂದು ಗುಂಪಿಗಿಂತ ಹೆಚ್ಚು ಇಳಿಯಿತು. ಆದರೆ ಗುಂಪು ಚಿಕ್ಕದು, ಮತ್ತು ಆ ರೋಗಿಗಳು ತಮ್ಮ ಮಾತ್ರೆ ಬಿಟ್ಟಿರಲಿಲ್ಲ. ಅದು ಬಲಿತ ಹಸಿ ಕಾಯಿಯ ಮಾತು, ಜೇನಿನಲ್ಲಿ ಅದ್ದಿದ ಹಣ್ಣಿನದ್ದಲ್ಲ! ಮೂತ್ರಪಿಂಡದ ಕಾಯಿಲೆಯವರು, ಮುಖ್ಯವಾಗಿ ಡಯಾಲಿಸಿಸ್‌ನಲ್ಲಿರುವವರು, ಹಲಸು ಮತ್ತು ಬೊಂಡದಿಂದ ದೂರವಿರಬೇಕು. ಅವುಗಳಲ್ಲಿರುವ ಪೊಟ್ಯಾಸಿಯಂ ಅವರ ಹೃದಯಕ್ಕೆ ಅಪಾಯ. ಮಾತ್ರೆ ನಿಲ್ಲಿಸಲಿದ್ದ ಹಿರಿಯರು ಈಗ ಮಾತ್ರೆಯನ್ನೂ ಮುಂದುವರಿಸಿದ್ದಾರೆ, ರಾತ್ರಿಯ ಅನ್ನವನ್ನು ಅರ್ಧ ಮಾಡಿ ಬೇಯಿಸಿದ ಸೊಳೆಯನ್ನೂ ಉಣ್ಣುತ್ತಿದ್ದಾರೆ. ಮುಂದಿನ ರಕ್ತ ಪರೀಕ್ಷೆಯ ಚೀಟಿಯನ್ನು ತಂದು ತೋರಿಸುವುದಾಗಿ ಹೇಳಿದ್ದಾರೆ.

ಇನ್ನು ಉಪ್ಪುಸೊಳೆಯ ಕ್ರಮ. ಚೆನ್ನಾಗಿ ಬಲಿತ, ಆದರೆ ಹಣ್ಣಾಗಲು ತೊಡಗದ ಕಾಯಿಯನ್ನೇ ಆರಿಸಿಕೊಳ್ಳಬೇಕು. ಬೆರಳಿನಿಂದ ಬಡಿದರೆ ಗಟ್ಟಿ ಸದ್ದು ಬರಬೇಕು. ಕೈಗೆ, ಕತ್ತಿಗೆ ತೆಂಗಿನೆಣ್ಣೆ ಹಚ್ಚಿಕೊಂಡು ಸೊಳೆ ಬಿಡಿಸಿ, ಬೇಳೆ ಮತ್ತು ಸಾರೆ ತೆಗೆದು, ಉದ್ದಕ್ಕೆ ಎರಡಾಗಿ ಸೀಳಬೇಕು. ನೀರು ತಾಗಿಸಬಾರದು. ಒಣಗಿದ ಭರಣಿಯಲ್ಲಿ ಒಂದು ಪದರ ಸೊಳೆ, ಅದರ ಮೇಲೆ ಕಲ್ಲುಪ್ಪು, ಹೀಗೆ ತುಂಬುತ್ತ ಬನ್ನಿರಿ. ಐದು ಪಾಲು ಸೊಳೆಗೆ ಸುಮಾರು ಒಂದು ಪಾಲು ಉಪ್ಪು. ಮೇಲೆ ಬಾಳೆಎಲೆ ಮುಚ್ಚಿ, ತೊಳೆದು ಒಣಗಿಸಿದ ಕಲ್ಲು ಹೇರಿ, ಬಾಯಿಗೆ ಬಟ್ಟೆ ಕಟ್ಟಬೇಕು. ಎರಡು–ಮೂರು ದಿನದಲ್ಲಿ ಸೊಳೆ ತಾನೇ ನೀರು ಬಿಟ್ಟು ಅದರಲ್ಲಿ ಮುಳುಗುತ್ತದೆ. ಮುಳುಗದೆ ಮೇಲೆ ನಿಂತ ತುಂಡು ಬೂಸ್ಟು ಹಿಡಿಯುವುದರಿಂದ ಭಾರ ಹೆಚ್ಚಿಸಿರಿ. ತೆಗೆಯುವಾಗ ಒದ್ದೆ ಕೈ ಹಾಕಬೇಡಿರಿ. ಬಳಸುವ ಹಿಂದಿನ ರಾತ್ರಿ ನೀರಿನಲ್ಲಿ ನೆನೆಹಾಕಿ, ಎರಡು–ಮೂರು ಸಲ ನೀರು ಬದಲಿಸಿ ಹಿಂಡಿದರೆ ಉಪ್ಪು ಹದವಾಗುತ್ತದೆ. ರಕ್ತದ ಒತ್ತಡವಿರುವವರು ಇನ್ನೊಂದು ಸಲ ನೀರು ಬದಲಿಸಿ, ಒಂದೆರಡು ತುಂಡಿಗೇ ತೃಪ್ತಿಪಟ್ಟುಕೊಳ್ಳಬೇಕು. ಪಲ್ಯಕ್ಕೆ ಕಾಯಿತುರಿ, ಬೆಳ್ಳುಳ್ಳಿ ಒಗ್ಗರಣೆ ಸಾಕು. ಸಾರಿಗಾದರೆ ಅಲಸಂಡೆಕಾಳು ಸೇರಿಸಿರಿ. ಈ ವರ್ಷದ ಕಾಯಿ ಇನ್ನೂ ಮರದಲ್ಲಿದೆ, ಹಣ್ಣಾಗುವ ಮೊದಲೇ ಕೊಯ್ಯಬೇಕು.